ಗಾಜಿನ ನಡುವೆ ಬಟ್ಟೆ: ಗುಳ್ಳೆ ಬರುವುದು ಎಲ್ಲಿಂದ?

ಎರಡು ಗಾಜಿನ ನಡುವೆ ಬಟ್ಟೆ, ಲೋಹದ ಜಾಲರಿ ಅಥವಾ ಒಣಗಿದ ಎಲೆ ಇಟ್ಟು ಮಾಡುವ ಅಲಂಕಾರಿಕ ಲ್ಯಾಮಿನೇಟೆಡ್ ಗಾಜು ಕೆಟ್ಟರೆ ಎಲ್ಲರೂ ಮೊದಲು ಓವನ್ನನ್ನು ದೂರುತ್ತಾರೆ. ಆದರೆ ಬಹುಪಾಲು ದೋಷಗಳು ಗಾಜು ಓವನ್ನಿಗೆ ಹೋಗುವ ಮೊದಲೇ ಒಳಗೆ ಸೇರಿಕೊಂಡಿರುತ್ತವೆ: ಹೊರಗೆ ಹೋಗದ ಗಾಳಿ, ಆರದೆ ಉಳಿದ ತೇವ.

ಜೋಡಣೆ ಸರಳ. 5 ಮಿ.ಮೀ. ಗಾಜು, ಮೇಲೆ 0.38 ಮಿ.ಮೀ. ಇವಿಎ ಫಿಲ್ಮ್ (ಬಿಸಿಗೆ ಕರಗಿ ಗಾಜಿಗೆ ಅಂಟುವ ಪ್ಲಾಸ್ಟಿಕ್ ಹಾಳೆ), ಬಟ್ಟೆ, ಮತ್ತೆ ಫಿಲ್ಮ್, ಮತ್ತೆ ಗಾಜು. ಬಟ್ಟೆ ದಪ್ಪಗಿದ್ದರೆ ಎರಡೂ ಕಡೆ 0.76 ಮಿ.ಮೀ. ಫಿಲ್ಮ್ ಬೇಕು; ಇಲ್ಲದಿದ್ದರೆ ಕರಗಿದ ಫಿಲ್ಮ್ ಎಳೆಗಳ ಸಂದಿಗೆಲ್ಲ ಇಳಿಯುವಷ್ಟು ಸಾಲುವುದಿಲ್ಲ, ಅಲ್ಲಲ್ಲಿ ಬೆಳ್ಳನೆ ಕಲೆ ನಿಲ್ಲುತ್ತದೆ. ಇದೇ ಕೆಲಸಕ್ಕೆ ಬರುವ ಇನ್ನೊಂದು ಬಗೆಯ ಹಾಳೆಯಾದ ಪಿವಿಬಿ ಫಿಲ್ಮ್‌ಗಾದರೆ ಸಾಮಾನ್ಯವಾಗಿ ಸುಮಾರು 140 ಡಿಗ್ರಿ ಮತ್ತು 12 ಬಾರ್ ಒತ್ತಡ ಕೊಡುವ ಆಟೋಕ್ಲೇವ್ ಬೇಕು. ಇವಿಎಗೆ ಒಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಚೀಲ ಮತ್ತು ಓವನ್ ಸಾಕು.

ಬಟ್ಟೆಯ ವಿಷಯದಲ್ಲಿ ಅವಸರ ಸಲ್ಲದು. ಹತ್ತಿ ಗಾಳಿಯಲ್ಲಿನ ತೇವವನ್ನೇ ಹೀರಿಕೊಂಡಿರುತ್ತದೆ. ಇಸ್ತ್ರಿ ಮಾಡಿ, ಬೆಚ್ಚಗೆ ಒಣಗಿಸಿ, ಆ ಬಿಸಿ ಆರುವ ಮೊದಲೇ ಜೋಡಿಸುವುದು ಒಳ್ಳೆಯದು. ಪಾಲಿಯೆಸ್ಟರ್ ಇಷ್ಟು ಕಾಡುವುದಿಲ್ಲ. ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು: ಬಟ್ಟೆಯನ್ನು ನಾಲ್ಕೂ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ನಿಲ್ಲುವಂತೆ ಕತ್ತರಿಸಿ. ಎಳೆ ಅಂಚಿನವರೆಗೆ ಬಂದರೆ ದೀಪದ ಬತ್ತಿ ಎಣ್ಣೆ ಎಳೆದಂತೆ ಹೊರಗಿನ ನೀರನ್ನು ಒಳಕ್ಕೆ ಎಳೆಯುತ್ತದೆ. ಆಮೇಲೆ ಅಂಚು ಬಿಡುವುದನ್ನು ತಡೆಯಲಾಗದು.

ಗಾಜನ್ನು ಖನಿಜ ತೆಗೆದ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಬೆರಳಿನ ಎಣ್ಣೆ ತಾಗಿದ ಜಾಗದಲ್ಲಿ ಅಂಟು ಕೂರುವುದಿಲ್ಲ. ಟಫನ್ಡ್ ಗಾಜಾದರೆ (ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು) ಅದರ ಮೇಲ್ಮೈಯಲ್ಲಿ ಉಳಿಯುವ ಸಣ್ಣ ಅಲೆಗಳು ಎರಡೂ ಗಾಜಿನಲ್ಲಿ ಒಂದೇ ದಿಕ್ಕಿಗೆ ಬರುವಂತೆ ಇಡಿ. ರಂಧ್ರ, ಕತ್ತರಿಕೆ ಎಲ್ಲ ಟಫನ್ ಮಾಡುವ ಮುಂಚೆಯೇ ಮುಗಿದಿರಬೇಕು.

ಸಿಲಿಕೋನ್ ಚೀಲದೊಳಗೆ ಅಂಚಿನ ಸುತ್ತ ಜಾಲರಿ ಪಟ್ಟಿ ಇಟ್ಟರೆ ಗಾಳಿಗೆ ದಾರಿ ಸಿಗುತ್ತದೆ. ತಣ್ಣಗಿರುವಾಗಲೇ 15–20 ನಿಮಿಷ ವ್ಯಾಕ್ಯೂಮ್ ಎಳೆಯಿರಿ. ಬಳಿಕ 60–70 ಡಿಗ್ರಿಗೆ ಏರಿಸಿ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಈ ಹಂತ ಹಾರಿಸಿದರೆ ಅಂಚಿನ ಫಿಲ್ಮ್ ಮೊದಲು ಕರಗಿ ಬಾಗಿಲು ಮುಚ್ಚುತ್ತದೆ, ನಡುವಿನ ಗಾಳಿ ಅಲ್ಲೇ ಉಳಿಯುತ್ತದೆ. ಗುಳ್ಳೆ ನಟ್ಟನಡುವೆ ಬಂದರೆ ಮೊದಲು ಸಂಶಯಿಸಬೇಕಾದ್ದು ಇದನ್ನೇ. ಕೊನೆಗೆ 120–135 ಡಿಗ್ರಿ, ಫಿಲ್ಮ್ ತಯಾರಕರು ಹೇಳಿದಷ್ಟು ಹೊತ್ತು. ಅಳೆಯಬೇಕಾದ್ದು ಓವನ್ನಿನ ಗಾಳಿಯ ಬಿಸಿಯಲ್ಲ, ಗಾಜಿನ ಬಿಸಿ. ದಪ್ಪ ಗಾಜು ತುಂಬ ಹಿಂದೆ ಬೀಳುತ್ತದೆ. ಶಾಖ ಸಾಲದಿದ್ದರೆ ಮಬ್ಬು ಉಳಿದು ಅಂಟು ದುರ್ಬಲವಾಗುತ್ತದೆ, ಹೆಚ್ಚಾದರೆ ಹಳದಿ ತಿರುಗುತ್ತದೆ. ಗಾಜು 50 ಡಿಗ್ರಿಗೆ ಇಳಿಯುವವರೆಗೆ ವ್ಯಾಕ್ಯೂಮ್ ತೆಗೆಯಬೇಡಿ.

ಹೊಸ ಬಟ್ಟೆ ಬಳಸುವ ಮೊದಲು ಒಂದು ಸಣ್ಣ ತುಂಡು ಮಾಡಿ, ನಿಧಾನಕ್ಕೆ ಬಿಸಿಯೇರಿಸಿ ಕುದಿಯುವ ನೀರಿನಲ್ಲಿ 2 ಗಂಟೆ ಇಡಿ. ತೇವ ಉಳಿದಿದ್ದರೆ ಗುಳ್ಳೆ ಆಗಲೇ ಏಳುತ್ತದೆ. ಅಳವಡಿಸುವಾಗ ಅಂಚಿಗೆ ನ್ಯೂಟ್ರಲ್ (ಆಮ್ಲ ಬಿಡದ) ಸಿಲಿಕೋನ್ ಸೀಲಂಟ್ ಮಾತ್ರ ಹಚ್ಚಿ. ವಿನೆಗರ್ ವಾಸನೆಯದು ಫಿಲ್ಮನ್ನು ಅಂಚಿನಿಂದ ಕೆಡಿಸಬಹುದು.