ಮೊದಲು ಕಾಲು ಮುಟ್ಟಿ ನೋಡು

ನಮ್ಮ ವೈದ್ಯಕೀಯ ಕಾಲೇಜಿನ ಸಂಚಿಕೆಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಹುಡುಗರು ಮನೆಗೆ ಬಂದಿದ್ದರು. ಹಾಸ್ಟೆಲ್ ಮೆಸ್ಸಿನ ಬಗ್ಗೆ ಬರೆದರೆ ಎಲ್ಲರೂ ಓದುತ್ತಾರೆ ಎಂಬ ಸಲಹೆಯನ್ನೂ ಕೊಟ್ಟರು. ಮೆಸ್ಸಿನ ಬಗ್ಗೆ ನನ್ನದು ಒಂದೇ ಮಾತು: ತೊಗರಿಯ ಕಣಜದಲ್ಲಿ ಕುಳಿತು ಅಷ್ಟು ತೆಳ್ಳಗಿನ ಬೇಳೆ ಸಾರು ಮಾಡುವುದು ಸಾಮಾನ್ಯ ಪ್ರತಿಭೆಯಲ್ಲ. ಉಳಿದದ್ದೆಲ್ಲ ಕ್ಯಾಜುವಾಲ್ಟಿಯ, ಅಂದರೆ ತುರ್ತು ಚಿಕಿತ್ಸಾ ವಿಭಾಗದ ನೆನಪು.

ನಾನು ಹೌಸ್ ಸರ್ಜನ್ ಆಗಿದ್ದು 1990ರಲ್ಲಿ. ಊರು ಆಗಿನ್ನೂ ಗುಲಬರ್ಗಾ. ಯಾದಗಿರಿಯೂ ನಮ್ಮದೇ ಜಿಲ್ಲೆ. ಮಕ್ಕಳ ತುರ್ತು ಚಿಕಿತ್ಸೆ ಎಂಬ ಪ್ರತ್ಯೇಕ ವಿದ್ಯೆ ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ದೊಡ್ಡವರ ತುರ್ತು ಚಿಕಿತ್ಸೆಯನ್ನೇ ನಮ್ಮ ದೇಶದ ವೈದ್ಯಕೀಯ ಪರಿಷತ್ತು ಒಂದು ವಿಶೇಷ ವಿಷಯವೆಂದು ಒಪ್ಪಿಕೊಂಡದ್ದು 2009ರಲ್ಲಿ. ನಮ್ಮ ಕಾಲದಲ್ಲಿ ಬಾಗಿಲಲ್ಲಿ ಸಿಕ್ಕವರೇ ತಜ್ಞರು.

ಮೇ ತಿಂಗಳ ಒಂದು ರಾತ್ರಿ ಶಹಾಬಾದ್ ಕಡೆಯ ಕಲ್ಲಿನ ಗಣಿಯಲ್ಲಿ ದುಡಿಯುವವರೊಬ್ಬರು ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಒಲೆಗೆಂದು ಕುಳ್ಳು ಎಳೆಯುವಾಗ ಬೆರಳಿಗೆ ಚೇಳು ಕಡಿದಿತ್ತು. ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು, "ಇದೇ ನೋಡಿ ಡಾಕ್ಟರ್ ಬಾಯಿಯವರೇ" ಎಂದರು. ಒಳಗೆ ಸತ್ತ ಕೆಂಪು ಚೇಳು. ಗಾತ್ರ ನೋಡಿದರೆ ಯಾರೂ ಹೆದರುವಂಥದ್ದಲ್ಲ. ನಾನು ಹುಡುಗನ ಬೆರಳು ಹಿಡಿದು ನೋಡತೊಡಗಿದೆ. ಹಿಂದಿನಿಂದ ನಮ್ಮ ಪ್ರಾಧ್ಯಾಪಕರ ದನಿ ಬಂತು: "ಬೆರಳು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಕಾಲು ಮುಟ್ಟಿ ನೋಡು."

ಮುಟ್ಟಿದೆ. ಹೊರಗೆ ನಡುರಾತ್ರಿಯಲ್ಲೂ ಗೋಡೆ ಬಿಸಿಯುಗುಳುತ್ತಿದ್ದ ಊರಿನಲ್ಲಿ ಆ ಪಾದಗಳು ಪಡಸಾಲೆಯ ಮೂಲೆಯ ನೀರಿನ ಹರವಿಯಂತೆ ತಣ್ಣಗಿದ್ದವು, ಹರವಿಯಂತೆಯೇ ಜಿನುಗುತ್ತಿದ್ದವು.

ಕೆಂಪು ಚೇಳಿನ ವಿಷ ದೇಹದೊಳಗಿನ ಅಡ್ರಿನಲಿನ್ ಬಳಗದ ಹಾರ್ಮೋನುಗಳನ್ನು ಒಮ್ಮೆಲೇ ಹರಿಯಬಿಡುತ್ತದೆ. ಕೈಕಾಲಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ರಕ್ತದೊತ್ತಡ ಏರುತ್ತದೆ, ಮೈಯೆಲ್ಲ ಬೆವರುತ್ತದೆ, ವಾಂತಿಯಾಗುತ್ತದೆ. ಮುಚ್ಚಿದ ಬಾಗಿಲನ್ನು ತಳ್ಳಿ ತಳ್ಳಿ ಹೃದಯ ಸೋಲುತ್ತದೆ, ಪುಪ್ಪುಸದಲ್ಲಿ ನೀರು ತುಂಬುತ್ತದೆ. ಆಗ ಹೆಚ್ಚಿನ ಕಡೆ ಸ್ಟೀರಾಯ್ಡ್, ಅಲರ್ಜಿಯ ಸೂಜಿ ಕೊಡುತ್ತಿದ್ದರು. ಕೆಲವರು ಅಟ್ರೋಪಿನ್ ಕೂಡ ಕೊಡುತ್ತಿದ್ದರು, ಅದರಿಂದ ಕೆಡುಕೇ ಹೆಚ್ಚು. ನಮ್ಮ ಸರ್ ಕೊಟ್ಟದ್ದು ರಕ್ತದೊತ್ತಡಕ್ಕೆಂದು ಇದ್ದ ಪ್ರಾಜೋಸಿನ್ ಎಂಬ ಗುಳಿಗೆ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನಲ್ಲಿದ್ದ ಡಾ. ಹಿಮ್ಮತರಾವ್ ಬಾವಸ್ಕರ್ ಅದರ ಬಗ್ಗೆ 1986ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಆ ಚಿಕ್ಕ ಬರಹದ ಜೆರಾಕ್ಸ್ ಪ್ರತಿಯನ್ನು ಸರ್ ನಾಲ್ಕಾಗಿ ಮಡಚಿ ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಮಡಿಕೆ ಬಿದ್ದಲ್ಲಿ ಅಕ್ಷರಗಳು ಅಳಿಸಿಹೋಗಿದ್ದವು. ಬಾವಸ್ಕರ್ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನನಗೆ ಮೊದಲು ನೆನಪಾದದ್ದು ಆ ಮಡಿಕೆ.

ಮಗುವಿನ ತೂಕದ ಕೆಜಿಗೆ 30 ಮೈಕ್ರೋಗ್ರಾಂ ಎಂದು ಲೆಕ್ಕ. ಒಂದು ಮಿಲಿಗ್ರಾಂ ಗುಳಿಗೆಯನ್ನು ಪುಡಿಮಾಡಿ ಹತ್ತು ಮಿಲಿಲೀಟರ್ ನೀರಿನಲ್ಲಿ ಕಲಕಿ, ಹತ್ತು ಕೆಜಿಯ ಮಗುವಿಗೆ ಮೂರು ಮಿಲಿಲೀಟರ್. ಆಮೇಲೆ ಮಗುವನ್ನು ಮಲಗಿಸಿಯೇ ಇಡಬೇಕು, ಎತ್ತಿದರೆ ರಕ್ತದೊತ್ತಡ ಕುಸಿಯಬಹುದು. ಮಗುವನ್ನು ಎತ್ತಿಕೊಳ್ಳದಂತೆ ತಾಯಿಯನ್ನು ತಡೆಯುವುದೇ ನನ್ನ ಆ ರಾತ್ರಿಯ ಡ್ಯೂಟಿ. ಕಾಲು ಬೆಚ್ಚಗಾಗುವಷ್ಟರಲ್ಲಿ ಬೆಳಗಾಗಿತ್ತು. ನಾನು ಮತ್ತೆ ಮತ್ತೆ ಪಾದ ಮುಟ್ಟುವುದನ್ನು ಕಂಡ ಹುಡುಗನ ಅಜ್ಜಿ, "ಡಾಕ್ಟರ್ ಬಾಯಿ, ಸಣ್ಣವರ ಕಾಲು ಮುಟ್ಟಬಾರದವ್ವ, ನಮಗೆ ಪಾಪ ಬರುತ್ತದೆ" ಎಂದು ಪ್ರತಿಸಲವೂ ನನ್ನ ಪಾದಕ್ಕೆ ಕೈ ಹಚ್ಚಿ ಲೆಕ್ಕ ಸರಿಮಾಡುತ್ತಿದ್ದರು.

ತಣ್ಣಗಿನ ಕಾಲಿನ ಪಾಠ ಕಲಿತೆ ಎಂದುಕೊಂಡೆ. ಅರ್ಧ ಮಾತ್ರ ಕಲಿತಿದ್ದೆ.

1992ರಲ್ಲಿ ಮಕ್ಕಳ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದೆ. ಮೊದಲ ಮಳೆ ಬಿದ್ದಿತ್ತು, ವಾರ್ಡಿನ ತುಂಬ ವಾಂತಿಭೇದಿಯ ಮಕ್ಕಳು. ಮೂರು ವರ್ಷದ ಹೆಣ್ಣುಮಗುವೊಂದು ವಾಂತಿ ಎಂದು ಬಂತು. ಕಾಲು ತಣ್ಣಗೆ, ನಾಡಿ ಸಣ್ಣಗೆ. ಚೇಳು ಕಡಿದದ್ದನ್ನು ಯಾರೂ ನೋಡಿರಲಿಲ್ಲ, ನಾನು ಕೇಳಲೂ ಇಲ್ಲ. ಆ ದಿನ ಅದೇ ಕೆಲಸವನ್ನು ಎಷ್ಟೋ ಸಲ ಮಾಡಿದ್ದ ಕೈ ಸಲೈನನ್ನು ಜೋರಾಗಿ ಬಿಟ್ಟಿತು. ಅರ್ಧ ಗಂಟೆಯಲ್ಲಿ ಉಸಿರು ಏರಿತು, ತುಟಿಯಂಚಿನಲ್ಲಿ ಗುಲಾಬಿ ಬಣ್ಣದ ನೊರೆ ಕಂಡಿತು. ಸರ್ ಓಡಿಬಂದು ಮಗುವಿನ ತಲೆಗೂದಲಲ್ಲಿ ಕೈಯಾಡಿಸಿದರು. ಕೈ ಒದ್ದೆಯಾಯಿತು. "ಮೈಯ ನೀರು ಬತ್ತಿದ ಮಗು ಇಷ್ಟು ಬೆವರುತ್ತದೆಯೇನವ್ವ?" ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮಗು ಉಳಿಯಲಿಲ್ಲ. ಮರುದಿನ ಮನೆಯಲ್ಲಿ ಕೌದಿ ಝಾಡಿಸಿದಾಗ ಚೇಳು ಬಿತ್ತಂತೆ.

ಸರ್ ಬೈಯಲಿಲ್ಲ. ಸೂಪರ್ ಮಾರ್ಕೆಟ್‌ಗೆ ಹೋಗಿ ದಪ್ಪ ರಿಜಿಸ್ಟರ್ ತಂದು ಗೆರೆ ಹೊಡೆ ಎಂದರು. ಊರು, ಕಡಿದ ಹೊತ್ತು, ಬಂದ ಹೊತ್ತು, ಕಾಲು ತಣ್ಣಗೋ ಬೆಚ್ಚಗೋ, ಒಣವೋ ಒದ್ದೆಯೋ. ಒಣ ಕಾಲು ನೀರು ಬೇಡುತ್ತದೆ. ಒದ್ದೆ ಕಾಲು ಕಂಡರೆ ಸಲೈನಿನ ಮೇಲಿನ ಕೈಯನ್ನು ತಡೆಯಬೇಕು. ನನ್ನ ಸಂಶೋಧನೆ ಎಂದು ಜನ ಕರೆಯುವುದೆಲ್ಲ ಶುರುವಾದದ್ದು ಆ ಗೆರೆಗಳಿಂದ.

ಕಡಿದ ಹೊತ್ತು ಮತ್ತು ಬಂದ ಹೊತ್ತಿನ ನಡುವಿನ ಕಾಲಂಗೆ ನಾನು "ವ್ಯರ್ಥವಾದ ಸಮಯ" ಎಂದು ತಲೆಬರಹ ಕೊಟ್ಟಿದ್ದೆ. ಸರ್ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. "ನೀನು ಆ ಬಸ್ಸಿನಲ್ಲಿ ಬಂದಿದ್ದೀಯಾ?" ಎಂದು ಕೇಳಿ, ಮೇಲೆ "ದಾರಿ" ಎಂದು ಬರೆದರು. ಆ ಕಾಲಂನಲ್ಲಿ ಏನೆಲ್ಲ ತುಂಬಿತು! ಮಂತ್ರ ಹಾಕುವವರು, ಈರುಳ್ಳಿ ತಿಕ್ಕಿದವರು, ಚಿಂಚೋಳಿಯಲ್ಲಿ ತಪ್ಪಿದ ಕೊನೆಯ ಬಸ್ಸು, ಜೇವರ್ಗಿಯಿಂದ ತೊಗರಿ ಚೀಲಗಳ ಮೇಲೆ ಮಲಗಿ ಬಂದ ಮಗು, ಅಡವಿಡಲು ಹೋದ ಬೆಳ್ಳಿ ಗೆಜ್ಜೆ. ಪರೀಕ್ಷೆಗೆ ಬೇಕಾದದ್ದು ಉಳಿದ ಕಾಲಂಗಳಲ್ಲಿತ್ತು; ನಾನು ಮತ್ತೆ ಮತ್ತೆ ಓದಿದ್ದು ಇದನ್ನು.

ಆಮೇಲೆ ಬೀದರ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದೆ, ಕಲಿಸಿದೆ. ಅಲ್ಲಿಯೂ ಅಂಥದ್ದೇ ರಿಜಿಸ್ಟರ್ ಇಟ್ಟೆ. 2008ರಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ಅದರ "ದಾರಿ" ಕಾಲಂನ ಬರಹ ನಿಧಾನವಾಗಿ ಚಿಕ್ಕದಾಗುತ್ತಾ ಬಂತು.

2011ರಲ್ಲಿ ಎರಡು ಅಧ್ಯಯನಗಳನ್ನು ಓದಿದೆ. ಪ್ರಾಜೋಸಿನ್ ಜೊತೆಗೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ತೋರಿಸಿದ ಒಂದು ಅಧ್ಯಯನ ಬಾವಸ್ಕರ್ ಅವರದೇ. ಇನ್ನೊಂದು ಆಫ್ರಿಕಾದ್ದು. ಕೀನ್ಯಾ, ಉಗಾಂಡ, ತಾಂಜಾನಿಯಾಗಳಲ್ಲಿ ಜ್ವರದಿಂದ ಬಂದು, ರಕ್ತಸಂಚಾರ ಕುಗ್ಗಿದ್ದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ್ದು. ಜೋರಾಗಿ ದ್ರವ ಕೊಟ್ಟ ಮಕ್ಕಳಲ್ಲಿ 48 ಗಂಟೆಯೊಳಗೆ ಸತ್ತವರು ಶೇ. 10ಕ್ಕಿಂತ ಹೆಚ್ಚು, ಹಾಗೆ ಕೊಡದವರಲ್ಲಿ ಶೇ. 7.3. ವಾಂತಿಭೇದಿಯ ಮಕ್ಕಳನ್ನು ಅದರಿಂದ ಹೊರಗಿಟ್ಟಿದ್ದರು. ಅವರಿಗೆ ದ್ರವ ಬೇಕೇ ಬೇಕು. ನನ್ನ ಆ ಮಗುವಿನ ಕಾಯಿಲೆಯೇ ಬೇರೆ, ಗೊತ್ತಿದೆ. ಆದರೂ ಆ ಕೋಷ್ಟಕದ ಮುಂದೆ ಬಹಳ ಹೊತ್ತು ಕುಳಿತಿದ್ದೆ.

ಈಗಿನ ವಿದ್ಯಾರ್ಥಿಗಳ ಕೈಯಲ್ಲಿ ಮಗುವಿನ ಉದ್ದ ಅಳೆದರೆ ತೂಕ ಹೇಳುವ ಬಣ್ಣಬಣ್ಣದ ಪಟ್ಟಿ ಇದೆ. ಒಳ್ಳೆಯ ಸಾಧನವೇ. ಆದರೆ ಅದು ಅಮೆರಿಕದ ಮಕ್ಕಳನ್ನು ನೋಡಿ ಮಾಡಿದ್ದು. ನಮ್ಮ ತೆಳ್ಳಗಿನ ಮಕ್ಕಳ ತೂಕವನ್ನು ಹೆಚ್ಚಾಗಿಯೇ ತೋರಿಸುತ್ತದೆ. ಔಷಧಿ ಅಂಗಡಿಯವರು ಕೆಲವೊಮ್ಮೆ ನಿಧಾನವಾಗಿ ಕರಗುವ ಪ್ರಾಜೋಸಿನ್ ಕೊಟ್ಟುಬಿಡುತ್ತಾರೆ. ಅದನ್ನು ಪುಡಿಮಾಡುವಂತಿಲ್ಲ, ಚೀಟಿ ಓದಿ ವಾಪಸು ಕಳಿಸಿ. ಇಷ್ಟನ್ನು ನೆನಪಿನ ಲೇಖನದಲ್ಲೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಿವೃತ್ತಿಯ ನಂತರ ಕಲಬುರಗಿಗೆ ಮರಳಿ, ಹಳೆಯ ವಿಭಾಗಕ್ಕೆ ಹೋಗಿದ್ದೆ. ಸರ್ ಈಗಿಲ್ಲ. ಅವರ ಕಬ್ಬಿಣದ ಕಪಾಟು ಇದೆ. ಕೆಳಗಿನ ಅರೆಯಲ್ಲಿ ನಾನು ಗೆರೆ ಹೊಡೆದ ರಿಜಿಸ್ಟರ್, ಅದರ ಪಕ್ಕದಲ್ಲಿ ಮೂರು ಬೆಂಕಿಪೆಟ್ಟಿಗೆಗಳು. ತೆರೆದು ನೋಡುವ ಧೈರ್ಯ ಗುಮಾಸ್ತರಿಗೆ ಇರಲಿಲ್ಲ, ನಾನೇ ತೆರೆದೆ. ಪುಡಿ, ಒಂದು ಬಾಲ. ರಿಜಿಸ್ಟರಿನ ಅಂಚನ್ನು ಹುಳು ತಿಂದಿದೆ, ಆದರೆ "ದಾರಿ" ಕಾಲಂ ನಡುವಿನಲ್ಲಿರುವುದರಿಂದ ಉಳಿದುಕೊಂಡಿದೆ. ಇದನ್ನು ಓದುತ್ತಿರುವ ಹೌಸ್ ಸರ್ಜನ್‌ಗಳಲ್ಲಿ ಯಾರಿಗಾದರೂ ಬಿಡುವಿದ್ದರೆ ಅದನ್ನು ಕಂಪ್ಯೂಟರಿಗೆ ಏರಿಸಬೇಕಾಗಿದೆ. ನನ್ನ ಅಕ್ಷರ ಓದಲು ಬಾರದಿದ್ದರೆ ಕರೆಯಿರಿ, ಬರುತ್ತೇನೆ. 1994ರ ಜೂನ್ ತಿಂಗಳ ಪುಟಕ್ಕೆ ಚಹಾ ಚೆಲ್ಲಿದೆ. ಅದು ಹುಳುವಿನ ಕೆಲಸವಲ್ಲ, ನನ್ನದು.