ಷರಾ ಕಾಲಂನ ಒಂದು ಸಾಲು

ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಹಾಜರಿ, ಬಟವಾಡೆಯ ಲೆಕ್ಕದ ಜೊತೆಗೆ ಮಳೆ ಪುಸ್ತಕವೂ ನನ್ನದೇ. ದಿನವೂ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ ಬರೆಯುತ್ತೇನೆ; ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು. ಪಕ್ಕದಲ್ಲಿ ಷರಾ ಕಾಲಂ ಇದೆ.

ಒಂದು ಮಾರ್ಚ್‌ನಲ್ಲಿ, ಕಾಫಿ ಮೊಗ್ಗು ಅರಳಲು ಬೇಕಾದ ಹೂಮಳೆ ಕೈಕೊಟ್ಟಿತು. ರೊಬಸ್ಟಾ ತಳಿಯ ಮೊಗ್ಗು ಒಂದು ಇಂಚಿಗಾಗಿ ಕಾದಿತ್ತು. ಬಿದ್ದದ್ದು 18 ಸೆಂಟು. ಇಂಥ ಅರೆಬರೆ ಮಳೆ, ಮಳೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಹಡಗಿನ ಹೊಗೆ ಮೋಡವನ್ನು ಬದಲಿಸುತ್ತದೆ ಎಂದು ಆ ವಾರವಷ್ಟೇ ಓದಿದ್ದೆ. ‘ಅರಬ್ಬೀ ಸಮುದ್ರದ ಹಡಗುಗಳ ಹೊಗೆಯಿಂದ ಮಳೆ ಕುಂಠಿತ’ ಎಂದು ಷರಾ ಬರೆದೆ. ಮಾಲೀಕರು ಪುಸ್ತಕ ನೋಡಿ, “ಇದನ್ನು ಅಳೆದವರು ಯಾರು ರೈಟರೇ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ.

ಆಮೇಲೆ ಕುಳಿತು ಸರಿಯಾಗಿ ಓದಿದೆ. ಹೊಗೆಯ ವಿಷಯ ನಿಜವೇ. ಹಡಗಿನ ಎಣ್ಣೆಯಲ್ಲಿರುವ ಗಂಧಕ ಉರಿದು, ಗಾಳಿಯಲ್ಲಿ ಸಲ್ಫೇಟ್ ಕಣವಾಗುತ್ತದೆ. ಆ ಕಣದ ಸುತ್ತ ಆವಿ ಹನಿಗಟ್ಟುತ್ತದೆ. ಕಣಗಳು ಹೆಚ್ಚಿದರೆ ಅಷ್ಟೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗಿ ಪ್ರತಿ ಹನಿಯೂ ಸಣ್ಣದಾಗುತ್ತದೆ. ಒಂದು ಮಳೆಹನಿಯಾಗಲು ಮೋಡದ ಸುಮಾರು ಹತ್ತು ಲಕ್ಷ ಹನಿಗಳು ಕೂಡಬೇಕು, ತೀರ ಸಣ್ಣವು ಸುಲಭವಾಗಿ ಕೂಡುವುದಿಲ್ಲ. ಮೋಡ ಇನ್ನಷ್ಟು ಬೆಳ್ಳಗಾಗಿ ಬಿಸಿಲನ್ನು ಮೇಲಕ್ಕೇ ತಿರುಗಿಸುತ್ತದೆ. ಹಡಗು ಹೋದ ದಾರಿಯುದ್ದಕ್ಕೂ ಮೂಡುವ ಈ ಬಿಳಿ ಗೆರೆಗಳು 1960ರ ದಶಕದ ಉಪಗ್ರಹ ಚಿತ್ರಗಳಲ್ಲೇ ಕಂಡಿದ್ದವು. 2020ರ ಜನವರಿ 1ರಿಂದ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ ಶೇ 0.5ಕ್ಕೆ ಇಳಿದ ಮೇಲೆ ಅವು ವಿರಳವಾದವು.

ಆದರೆ ಆ ಗೆರೆಗಳು ಎದ್ದು ಕಾಣುವುದು ಕ್ಯಾಲಿಫೋರ್ನಿಯಾ, ಪೆರು, ನಮೀಬಿಯಾ ಕರಾವಳಿಗಳಾಚೆ, ತಣ್ಣನೆಯ ಕಡಲಿನ ಮೇಲೆ ತಗ್ಗಿನಲ್ಲಿ ಚಾಪೆ ಹಾಸಿದಂತಿರುವ ಮೋಡದಲ್ಲಿ. ನಮ್ಮ ಹೂಮಳೆ ಬರುವುದು ಮಧ್ಯಾಹ್ನದ ಕಾವಿಗೆ ಎತ್ತರಕ್ಕೆದ್ದ ಗುಡುಗು ಮೋಡದಿಂದ. ಅಲ್ಲದೆ ದಡದ ಹತ್ತಿರ ನೆಲದ ಹೊಗೆ, ಧೂಳು ಬೆರೆತಿರುತ್ತವೆ. ಮೊದಲೇ ಕಣ ತುಂಬಿದ ಮೋಡ ಹಡಗಿನ ಹೊಗೆಗೆ ಅಷ್ಟಾಗಿ ಬದಲಾಗುವುದಿಲ್ಲ. ಎಲ್ಲಿಯದೋ ಮೋಡದ ಗುಣವನ್ನು ನಾನು ನಮ್ಮ ಮೋಡಕ್ಕೆ ಹೊರಿಸಿದ್ದೆ.

ಈ ಪುಸ್ತಕವನ್ನು ನೋಡಿಯೇ ಸ್ಪ್ರಿಂಕ್ಲರ್ ಯಾವ ಬ್ಲಾಕಿಗೆ, ಯಾವತ್ತು ಎಂದು ತೀರ್ಮಾನವಾಗುತ್ತದೆ. ನನಗಿಂತ ಹಿಂದಿನ ರೈಟರ್ ಬರೆದಿಟ್ಟ ‘ಸಂಜೆ ಗುಡುಗು, ಮಳೆ ಹೊಳೆಬದಿಗೆ ಮಾತ್ರ’ ಎಂಬಂಥ ಷರಾಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ನನ್ನ ಸಾಲಿನಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಹಾಳೆ ಹರಿಯಲಿಲ್ಲ. ಆ ಸಾಲಿನ ಮೇಲೆ ಒಂದು ಗೆರೆ ಎಳೆದು, ಸಹಿ ಹಾಕಿ, ಕೆಳಗೆ ಬರೆದೆ: ‘ಸಂಜೆ 5ಕ್ಕೆ ಗುಡುಗು. ಹತ್ತು ನಿಮಿಷ ಮಳೆ. ಗಾಳಿ ಜೋರು.’