ಬಿಲ್ಬಾವ್‌ಗೆ ಹೋದರೆ ಮಳೆಗೆ ಬೈಯಬೇಡಿ

ನಾವು ಸ್ಪೇನಿನ ಬಿಲ್ಬಾವ್‌ನ ಗುಗ್ಗೆನ್‌ಹೈಮ್ ಆಧುನಿಕ ಕಲಾ ಮ್ಯೂಸಿಯಂ ಮುಂದೆ ನಿಂತಿದ್ದು ಅಕ್ಟೋಬರಿನ ಒಂದು ಸೋಮವಾರ. ಬಾಗಿಲು ಹಾಕಿತ್ತು. ಬೇಸಿಗೆಯ ಸೀಸನ್ ಬಿಟ್ಟರೆ ಸೋಮವಾರ ರಜೆ ಅಂತ ಮೊದಲೇ ನೋಡಿಕೊಳ್ಳದ್ದು ನಮ್ಮದೇ ತಪ್ಪು. ಸಾಲದ್ದಕ್ಕೆ ಮಳೆ. ಅಲ್ಲಿಯವರು ಈ ಸಣ್ಣ ಮಳೆಯನ್ನು ಸಿರಿಮಿರಿ ಅನ್ನುತ್ತಾರೆ. ನಮ್ಮ ಜಿಟಿಜಿಟಿಯ ದೂರದ ನೆಂಟ ಇರಬೇಕು!

ಬೇರೆ ದಾರಿಯಿಲ್ಲದೆ ಕೊಡೆ ಹಿಡಿದು ಸುಮ್ನೆ ಸುತ್ತು ಹಾಕಿದೆವು. ನೋಡಬೇಕಾದ್ದು ಅದೇ ಆಗಿತ್ತು. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ ಈ ಮ್ಯೂಸಿಯಂ ತೆರೆದದ್ದು 1997ರಲ್ಲಿ. ಮೈಗೆ ಸುಮಾರು 33,000 ಟೈಟಾನಿಯಂ ತಗಡು, ಮೀನಿನ ಹುರುಪೆಯ ಹಾಗೆ. ಸ್ಟೀಲ್ ಆಗಿದ್ದರೆ ಮೋಡದ ದಿನ ಮಂಕಾಗಿ ಕಾಣುತ್ತಿತ್ತು. ಒದ್ದೆ ಟೈಟಾನಿಯಂ ಮಾತ್ರ ತುಪ್ಪದ ಬಣ್ಣಕ್ಕೆ ತಿರುಗುತ್ತದೆ. ಹತ್ತಿರ ಹೋಗಿ ನೋಡಿ, ತಗಡುಗಳು ಒಂದೇ ಮಟ್ಟಕ್ಕಿಲ್ಲ. ತುಂಬಾ ತೆಳು, ಅಲ್ಲಲ್ಲಿ ದಿಂಬಿನ ಹಾಗೆ ಉಬ್ಬಿವೆ. ಅದಕ್ಕೇ ಒಂದೊಂದೂ ಬೇರೆ ಬೇರೆ ಥರ ಹೊಳೆಯುತ್ತದೆ.

ಆದ್ದರಿಂದ ಹೊರಗಿನ ಸುತ್ತಿಗೇ ಎರಡು ಗಂಟೆ ಇಟ್ಟುಕೊಳ್ಳಿ. ಎಲ್ಲರೂ ಮುಂದಿರುವ ಹೂಗಿಡಗಳ ದೊಡ್ಡ ನಾಯಿ ಶಿಲ್ಪ 'ಪಪ್ಪಿ'ಯ ಹತ್ತಿರ ಫೋಟೋ ತೆಗೆಸಿಕೊಂಡು ಒಳಗೆ ನುಗ್ಗುತ್ತಾರೆ. ನೀವು ಹಿಂದಕ್ಕೆ, ನೆರ್ವಿಯೋನ್ ನದಿ ಕಡೆ ಬನ್ನಿ. ಶಿಲ್ಪಿ ಲೂಯಿಸ್ ಬೂರ್ಜ್ವಾ ಅವರ ದೊಡ್ಡ ಕಂಚಿನ ಜೇಡದ ಕಾಲುಗಳ ನಡುವೆ ನಿಂತು ತಲೆಯೆತ್ತಿದರೆ ಹೊಟ್ಟೆಯಲ್ಲಿ ಮೊಟ್ಟೆಗಳು ಕಾಣುತ್ತವೆ. ಅಲ್ಲಿಂದ ಲಾ ಸಾಲ್ವೆ ಸೇತುವೆ ಹತ್ತಿ ಆಚೆ ದಡಕ್ಕೆ ಹೋಗಿ. ಇಡೀ ಕಟ್ಟಡ ಕಣ್ಣಿಗೆ ಸಿಗುವುದು ಅಲ್ಲಿಂದಲೇ, ಅದೂ ಪುಕ್ಕಟೆ.

ಮಾರನೆಯ ದಿನ ಒಳಗೆ ಹೋದೆವು. ಟಿಕೆಟ್ ಆನ್‌ಲೈನಲ್ಲೇ ತಗೊಳ್ಳಿ. ಸಮಯ ಕಮ್ಮಿ ಇದ್ದರೆ ಶಿಲ್ಪಿ ರಿಚರ್ಡ್ ಸೆರಾ ಅವರ ತುಕ್ಕು ಬಣ್ಣದ ಉಕ್ಕಿನ ಗೋಡೆಗಳನ್ನು ಮಾತ್ರ ಬಿಡಬೇಡಿ. ವಾಲಿದ ಗೋಡೆಗಳ ಸಂದಿಯಲ್ಲಿ ನಡೆಯುತ್ತಾ ನನಗೆ ನಿಜಕ್ಕೂ ತಲೆ ತಿರುಗಿತು. ಬೇರೆ ಪ್ರದರ್ಶನಗಳು ಆಗಾಗ ಬದಲಾಗುತ್ತವೆ. ನಾವಿದ್ದಾಗಿನವು ಅಷ್ಟಕ್ಕಷ್ಟೆ.

ಓಡಾಟಕ್ಕೆ ಬಾರಿಕ್ ಕಾರ್ಡ್ ಸಾಕು, ಮೆಟ್ರೋ, ಟ್ರಾಮ್, ಬಸ್ಸು ಎಲ್ಲಕ್ಕೂ ನಡೆಯುತ್ತದೆ. ಟ್ರಾಮ್ ಹತ್ತುವ ಮೊದಲೇ ಸ್ಟಾಪಿನ ಮೆಷಿನ್‌ಗೆ ಮುಟ್ಟಿಸಬೇಕು, ಮರೀಬೇಡಿ.

ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ಮಾಂಸ ಬೇಡ ಅಂದರೂ ತಟ್ಟೆಯಲ್ಲಿ ಮೀನು ಬಂದೀತು, ಎರಡನ್ನೂ ಹೆಸರು ಹೇಳಿಯೇ ಬೇಡ ಅನ್ನಿ. ನಮ್ಮನ್ನು ಕಾಪಾಡಿದ್ದು ಹತ್ತಿರದ ಗೆರ್ನಿಕಾ ಊರಿನ ಹಸಿರು ಮೆಣಸಿನಕಾಯಿ: ಎಣ್ಣೆಯಲ್ಲಿ ಬಾಡಿಸಿ, ಮೇಲೆ ಕಲ್ಲುಪ್ಪು. ಖಾರ ಇಲ್ಲವೇ ಇಲ್ಲ. ಉಪ್ಪಿನಕಾಯಿ ಪೊಟ್ಟಣ ಜೊತೆಗಿರಲಿ.